ಎರಡೂವರೆಗೆ ಹಾಕಿದ ಹೆಸರು

ವೆಂಕಟಸುಬ್ಬಯ್ಯನವರ ಬಗ್ಗೆ ಯಾರಾದ್ರೂ ಬರೀಬೇಕು ಅಂದ್ರೆ ನಾನೇ ಬರೀಬೇಕು. ಬೇರೆಯವರು ಬರೆದ್ರೆ ಒಳ್ಳೇವ್ರು, ಶಿಸ್ತಿನವ್ರು, ಪಾಪ ಹಾಗಾಗ್ಬಿಡ್ತು ಅಂತ ನಾಲ್ಕು ಸಾಲು ಗೀಚಿ ಕೈ ತೊಳ್ಕೊಳ್ತಾರೆ. ನನಗೆ ಹಾಗೆ ಕೈ ತೊಳ್ಕೊಳ್ಳೋಕಾಗಲ್ಲ. ನನ್ನ ಹೆಸರು ಗಯಾಜ್. ಮನೆ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿ. ಮನೇಲಿ ಆಡೋದು ದಖನಿ ಉರ್ದು, ಕನ್ನಡ ಕಲಿತಿದ್ದು ಫ್ಯಾಕ್ಟರೀಲಿ, ಅದರಲ್ಲೂ ಅರ್ಧಕ್ಕರ್ಧ ಈ ಮನುಷ್ಯರ ಬಾಯಿಂದಾನೇ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಫ್ಯಾಕ್ಟರಿ ಕೆ.ಆರ್. ಪುರಂ ಕಡೇದು, ಸರ್ಕಾರದ್ದು. ಯಾವುದು ಅಂತ ಕೇಳ್ಬೇಡಿ. ಅದರ ಕಾಂಪೌಂಡ್ ಒಳಗೆ ಕಂಪ್ಯೂಟರ್ ಸೆಂಟರ್ ಅಂತ ಒಂದು ಚಿಕ್ಕ ಕಟ್ಟಡ, ಮುಂದೆ ಒಂದು ಹೊಂಗೆ ಮರ, ಮರದ ಕೆಳಗೆ ಒಂದು ನಲ್ಲಿ. ಎಂಬತ್ತಾರರಲ್ಲಿ ನಾನು ಅಲ್ಲಿ ಆಪರೇಟರ್ ಆಗಿ ಸೇರಿದಾಗ ಅವರು ಸೀನಿಯರ್. ನನಗೆ ಇಪ್ಪತ್ತಾರು, ಅವರಿಗೆ ನಲವತ್ತರ ಹತ್ತಿರ. ಬಿಳೀ ಅರ್ಧ ತೋಳಿನ ಶರ್ಟು, ಜೇಬಲ್ಲಿ ಎರಡು ಪೆನ್ನು, ನಗು ಅನ್ನೋದು ಹಬ್ಬಕ್ಕೊಂದ್ಸಲ. ಮೊದಲನೇ ದಿನಾನೇ ನನ್ನ ಕೈಯಲ್ಲಿದ್ದ ಸಮೋಸ ನೋಡಿ, ಬಾಗಿಲ ಕಡೆ ಬೆರಳು ತೋರಿಸಿದ್ರು. ಬೈಗುಳ ಇಲ್ಲ, ಉಪದೇಶ ಇಲ್ಲ. ನಾನು ನಲ್ಲಿ ಹತ್ರ ನಿಂತು ತಿಂದು, ಬಾಯಿ ತೊಳ್ಕೊಂಡು ಒಳಗೆ ಬಂದೆ.

ಆ ರೂಮಿಗೆ ಮೂರು ನಿಯಮ. ಒಂದು, ಧೂಳು ಬರಬಾರದು ಅಂತ ಚಪ್ಪಲಿ ಹೊರಗೆ ಬಿಡಬೇಕು. ನಮ್ಮ ಬಾಗಿಲ ಮುಂದೆ ಚಪ್ಪಲಿ ಸಾಲು ನೋಡಿದ ಹೊಸಬರು ಒಳಗೆ ದೇವರಿದೆ ಅಂದ್ಕೊಳ್ತಿದ್ರು. ಎರಡು, ಒಳಗೆ ಅನ್ನ ನೀರು ಏನೂ ಮುಟ್ಟೋ ಹಾಗಿಲ್ಲ. ಮೂರನೇದು, ಕುರ್ಚಿ ಖಾಲಿ ಬಿಡೋ ಹಾಗಿಲ್ಲ. ಗೋಡೆ ಪಕ್ಕ ಬೀರು ಗಾತ್ರದ ದೊಡ್ಡ ಕಂಪ್ಯೂಟರು. ಅದರ ಜೊತೆ ಮಾತಾಡೋಕೆ ಮೇಜಿನ ಮೇಲೆ ಹಸಿರು ಅಕ್ಷರದ ಸಣ್ಣ ಕಂಪ್ಯೂಟರುಗಳು, ನಾವು ಡಬ್ಬ ಅಂತಿದ್ವಿ. ಮೊದಲನೇ ಶಿಫ್ಟ್ ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡೂವರೆ. ಎರಡೂವರೆಗೆ ಮುಂದಿನವನು ಬಂದು ಡಬ್ಬದಲ್ಲಿ ತನ್ನ ಹೆಸರು, ಪಾಸ್‌ವರ್ಡ್ ಹಾಕಬೇಕು. ಹಾಕಿದ ಹೊತ್ತನ್ನ ದೊಡ್ಡ ಕಂಪ್ಯೂಟರ್ ಬರ್ಕೊಳ್ತಿತ್ತು. ಅದೇ ಚಾರ್ಜ್ ತಗೊಂಡಿದ್ದಕ್ಕೆ ಸಾಕ್ಷಿ. ಅಲ್ಲೀವರೆಗೂ ಹಿಂದಿನವನು ಏಳೋ ಹಾಗಿಲ್ಲ, ಮನೆಗೆ ಬೆಂಕಿ ಬಿದ್ರೂ.

ಅವರದ್ದು ಯಾವಾಗ್ಲೂ ಮೊದಲನೇ ಶಿಫ್ಟು, ನಂದು ಎರಡನೇದು. ಹದಿನಾಲ್ಕು ವರ್ಷ ಹಾಗೇ ನಡೀತು.

ಎಂಬತ್ತೆಂಟರಲ್ಲಿ ನನ್ನ ಮಗಳು ಮಿಸ್ಬಾ ಹುಟ್ಟಿದ ದಿನ ನಾನು ಎರಡು ಗಂಟೆ ಲೇಟು. ಬೌರಿಂಗ್ ಆಸ್ಪತ್ರೆಯಿಂದ ಬಸ್ಸು ಹಿಡಿದು, ಬಸ್ ಸ್ಟಾಪಿನಿಂದ ಓಡಿ, ಮೆಮೋ ಗ್ಯಾರಂಟಿ ಅಂದ್ಕೊಂಡು ಒಳಗೆ ಹೋದ್ರೆ, ಪಕ್ಕದ ಡಬ್ಬದಲ್ಲಿ ಆಗ್ಲೇ ನನ್ನ ಹೆಸರಿದೆ. ಸಮಯ ಎರಡೂವರೆ. ಪಾಸ್‌ವರ್ಡ್ ಅನ್ನೋದು ಆಗ ನಮ್ಮಲ್ಲಿ ಗುಟ್ಟಲ್ಲ, ಒಬ್ಬರದ್ದು ಒಬ್ಬರಿಗೆ ಗೊತ್ತಿರ್ತಿತ್ತು. ಆದರೆ ಇವರು, ಸಮೋಸ ತಿನ್ನೋಕೆ ಬಿಡದವರು, ನನಗೋಸ್ಕರ ಸುಳ್ಳು ಬರೆದಿದ್ರು.

"ಗಂಡೋ ಹೆಣ್ಣೋ?" ಅಂದ್ರು.

"ಹೆಣ್ಣು ಸಾರ್."

"ಹೆಸರಿಟ್ಟ ಮೇಲೆ ಪಾಸ್‌ವರ್ಡ್‌ಗೂ ಅದನ್ನೇ ಇಡು. ನಂಗೂ ನೆನಪಿರುತ್ತೆ."

ಅಷ್ಟೇ. ಚಪ್ಪಲಿ ಮೆಟ್ಕೊಂಡು ಹೊರಟ್ರು. ಹೊಂಗೆ ಮರದ ಕೆಳಗೆ ಕೂತು, ನಾಲ್ಕೂವರೆಗೆ ಮಧ್ಯಾಹ್ನದ ಡಬ್ಬಿ ಬಿಚ್ಚಿ ತಣ್ಣನೆ ಚಿತ್ರಾನ್ನ ತಿಂದ್ರು. ಕಿಟಕಿಯಿಂದ ನೋಡ್ತಾ ಇದ್ದೆ. ನನಗೆ ಅವತ್ತು ಅವರ ಮೇಲೆ ಹುಟ್ಟಿದ ಪ್ರೀತಿ ನಮ್ಮಪ್ಪನ ಮೇಲೂ ಇರಲಿಲ್ಲ.

ಆದರೆ ನನ್ನ ಬುದ್ಧಿ ನೋಡಿ. ಒಂದು ದಿನದ ಉಪಕಾರಾನ ನಾನು ಹನ್ನೆರಡು ವರ್ಷದ ಹಕ್ಕು ಮಾಡ್ಕೊಂಬಿಟ್ಟೆ. ಬಸ್ ಸಿಗಲಿಲ್ಲ, ನೆಂಟರು ಬಂದ್ರು, ಜುಮ್ಮಾ ನಮಾಜ್ ತಡವಾಯ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆ, ವಾರಕ್ಕೆರಡು ದಿನ. ಪ್ರತೀ ಸಲ ನಾನು ಹೋಗೋ ಹೊತ್ತಿಗೆ ನನ್ನ ಹೆಸರು ಎರಡೂವರೆಗೆ ಬಂದು ಕೂತಿರ್ತಿತ್ತು. ಅವರು ಒಂದು ದಿನಾನೂ ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು.

ಎರಡು ಸಾವಿರನೇ ಇಸವಿ, ಆಗಸ್ಟ್ ತಿಂಗಳು, ಶ್ರಾವಣ ಶನಿವಾರ. ಆ ತಿಂಗಳಲ್ಲೇ ಫ್ಯಾಕ್ಟರಿಯವರು ನಮ್ಮ ಹಳೇ ಡಬ್ಬಗಳನ್ನೆಲ್ಲ ಹರಾಜು ಹಾಕಿ, ಹೊಸಾವು ತಂದು ಕೂರಿಸಿದ್ರು. ಹಳೇವೆಲ್ಲ ಶಿವಾಜಿನಗರದ ಅಕ್ತರ್ ಗುಜರಿಗೆ ಬಂದು ಬಿದ್ದಿದ್ವು. ಸುತ್ತಿಗೇಲಿ ಒಡೆದು ತಾಮ್ರ ತೆಗೀತಾರೆ ಅಂತ ಗೊತ್ತಾಗಿ, ಒಂದನ್ನಾದ್ರೂ ಉಳಿಸ್ಕೊಳ್ಳೋಣ ಅಂತ ಮಧ್ಯಾಹ್ನ ಹನ್ನೆರಡಕ್ಕೆ ಹೋದೆ. ಯಾವುದು ಕೆಲಸ ಮಾಡುತ್ತೆ ನೋಡೋಕೆ ಒಂದೊಂದನ್ನೇ ಕರೆಂಟಿಗೆ ಚುಚ್ಚಿ ಚುಚ್ಚಿ ನೋಡಿದೆ. ಅಕ್ತರ್ ಚಾ ತರಿಸಿದ. ಆಮೇಲೆ ಬಿರಿಯಾನಿ ತರಿಸಿದ. ಗಡಿಯಾರ ನೋಡ್ದೆ, ಎರಡೂ ಕಾಲು. ಸುಬ್ಬಯ್ಯನೋರು ಇದ್ದಾರಲ್ಲ, ಹೆಸರು ಹಾಕ್ತಾರೆ ಬಿಡು ಅಂದ್ಕೊಂಡೆ. ನೆಮ್ಮದಿಯಾಗಿ ಇನ್ನೊಂದು ಡಬ್ಬ ಚುಚ್ಚಿದೆ. ಕೊನೆಗೆ ಒಂದನ್ನ ಆರಿಸಿ, ಆಟೋದಲ್ಲಿ ಮನೆಗೆ ಸಾಗಿಸಿ, ಅಟ್ಟಕ್ಕೆ ಏರಿಸಿ, ಫ್ಯಾಕ್ಟರಿ ತಲುಪಿದಾಗ ಐದೂ ನಲವತ್ತು.

ಶನಿವಾರ ಮಧ್ಯಾಹ್ನ ಅಲ್ಲಿ ಆಪರೇಟರ್ ಬಿಟ್ಟು ಬೇರೆ ಯಾರೂ ಇರಲ್ಲ. ಅವರು ಕುರ್ಚಿಯಲ್ಲೇ ಇದ್ರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು, ಬಲಗೈ ಕುರ್ಚಿ ಪಕ್ಕ ಜೋತು ಬಿದ್ದಿತ್ತು. ನನ್ನನ್ನ ನೋಡಿದ್ರು. ಏನೋ ಹೇಳೋಕೆ ಹೋದ್ರು, ಬರೀ ಗೊರ ಗೊರ ಸದ್ದು. ಪಕ್ಕದ ಪರದೆ ಮೇಲೆ ನನ್ನ ಹೆಸರು, ಸಮಯ ಎರಡೂವರೆ. ಫೋನು ಹತ್ತು ಹೆಜ್ಜೆ ದೂರದ ಬಾಗಿಲ ಹತ್ರ ಇತ್ತು. ಮೈಗೆ ಹುಷಾರಿಲ್ಲ ಅಂತ ಅವರಿಗೆ ಯಾವಾಗ ಗೊತ್ತಾಯ್ತೋ, ಎದ್ದು ಹೋಗೋಕೆ ಆಗ್ತಿತ್ತೋ ಇಲ್ವೋ, ದೇವರಿಗೇ ಗೊತ್ತು. ಕುರ್ಚಿಯಂತೂ ಬಿಟ್ಟಿರಲಿಲ್ಲ.

ಪಾರ್ಶ್ವವಾಯು ಅಂದ್ರು ಡಾಕ್ಟ್ರು. ಬಲಗಡೆ ಪೂರ್ತಿ ಹೋಯ್ತು, ಮಾತು ಹೋಯ್ತು. "ಇನ್ನೊಂದೆರಡು ಗಂಟೆ ಮುಂಚೆ ತಂದಿದ್ರೆ" ಅಂತ ಶುರು ಮಾಡಿ, ನನ್ನ ಮುಖ ನೋಡಿ ಚೀಟಿ ಬರೆಯೋಕೆ ತಿರುಗಿದ್ರು.

ಆಸ್ಪತ್ರೆ ಬೆಂಚಿನ ಮೇಲೆ ಅವರ ಹೆಂಡತಿ ಅನಸೂಯಕ್ಕ ಕೂತಿದ್ರು. ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ಸೆಕ್ಷನ್ನಲ್ಲಿ ಕೆಲಸ ಮಾಡ್ತಿದ್ದವರು. ಸಿ.ವಿ. ರಾಮನ್ ನಗರದ ಅವರ ಮನೇಲಿ ನಾನು ಎಷ್ಟು ಸಲ ಉಂಡಿದ್ದೀನೋ ಲೆಕ್ಕವಿಲ್ಲ. ರಂಜಾನ್ ಬಂದ್ರೆ ಖರ್ಜೂರ ತಂದಿಟ್ಟು "ತಗೋ ಗಯಾಜ್" ಅನ್ನೋರು. ಯಾವತ್ತೂ ನೀನು ಅಂತಾನೇ ಕರೀತಿದ್ರು, ತಮ್ಮನ್ನ ಕರೆದ ಹಾಗೆ.

"ನೀನು ಎರಡೂವರೆಗೆ ಚಾರ್ಜ್ ತಗೊಂಡ್ಯಂತೆ" ಅಂದ್ರು. "ನಿಮ್ಮ ಆಫೀಸರ್ ಕಂಪ್ಯೂಟರ್ ನೋಡಿ ಹೇಳಿದ್ರು. ಮತ್ಯಾಕೋ ಅಲ್ಲೇ ಕೂತ್ರು ಇವ್ರು?"

ನಾನು ಬಾಯಿ ತೆಗೆಯೋಕೆ ಮುಂಚೆ ಅವರೇ ಹೇಳಿದ್ರು. ಅವತ್ತು ಸಂಜೆ ನಾಲ್ಕಕ್ಕೆ ಹಲಸೂರಲ್ಲಿ ಅವರ ತಂಗಿ ಮನೇಲಿ ಪೂಜೆ ಇತ್ತಂತೆ. ಎರಡೂವರೆಗೆ ಸರಿಯಾಗಿ ಬಿಡ್ತೀನೋ ಇಲ್ವೋ ಅಂತ ಇವರು ಎಂದಿನ ಹಾಗೆ ಗೊಣಗಿದ್ದಾರೆ. ಅಕ್ಕನಿಗೆ ರೇಗಿದೆ. "ಹಾಗಾದ್ರೆ ಆ ಡಬ್ಬದ ಜೊತೇಲೇ ಇದ್ಬಿಡಿ, ಮನೆಗೆ ಬರ್ಲೇಬೇಡಿ, ಅಂದ್ಬಿಟ್ಟೆ ಕಣೋ. ಬರ್ಲೇ ಇಲ್ಲ ನೋಡು. ನನ್ನ ಮೇಲಿನ ಕೋಪಕ್ಕೆ ಅಲ್ಲೇ ಕೂತ್ಬಿಟ್ರು."

ಆಗ ಹೇಳ್ಬೇಕಿತ್ತು. ಎರಡು ಮಾತು: ಅಕ್ಕಾ, ನಾನು ಬಂದಿರಲಿಲ್ಲ. ಅಷ್ಟಕ್ಕೆ ನನ್ನ ನಾಲಗೆ ಏಳಲಿಲ್ಲ. ಹೆದರಿಕೆ ಅಂತಾನೂ ಹೇಳಲಾರೆ, ಮೈಯೆಲ್ಲ ಮರಗಟ್ಟಿದ ಹಾಗಿತ್ತು. "ಗೊತ್ತಿಲ್ಲಕ್ಕ" ಅಂದೆ. ಹದಿನೈದು ದಿನಕ್ಕೆ ಫ್ಯಾಕ್ಟರೀಲಿ ಒಂದು ಹಾಳೆಯ ವಿಚಾರಣೆ ಆಯ್ತು. ಎರಡೂವರೆಗೆ ಚಾರ್ಜ್ ತಗೊಂಡ್ರಾ? ಹೌದು ಸಾರ್. ಆಮೇಲೆ ಇವರು ತಮ್ಮ ಇಷ್ಟಕ್ಕೆ ಕೂತಿದ್ರಾ? ಹೌದು ಸಾರ್. ರುಜು ಹಾಕಿದೆ. ಪೆನ್ನು ಕೂಡ ನಡುಗಲಿಲ್ಲ, ಅದೇ ಆಶ್ಚರ್ಯ.

ಅವರಿಗೆ ಮೆಡಿಕಲ್ ಮೇಲೆ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದ್ರು. ಅಕ್ಕ ಕೆಲಸ ಬಿಟ್ರು. ಕೋಲು ಹಿಡಿದು ಬಲಗಾಲು ಎಳೀತಾ ಹಾಲಿನಿಂದ ಬಚ್ಚಲಿಗೆ, ಬಚ್ಚಲಿಂದ ಹಾಲಿಗೆ, ಅಷ್ಟು ಓಡಾಡೋ ಮಟ್ಟಕ್ಕೆ ಸುಬ್ಬಯ್ಯನೋರು ಒಂದು ವರ್ಷದಲ್ಲಿ ಬಂದ್ರು. ಮಾತಿಲ್ಲ. ಯಾರು ಬಂದ್ರೂ ಗೋಡೆ ನೋಡಿದ ಹಾಗೆ ನೋಡೋರು. ನಾನು ಭಾನುವಾರ ಭಾನುವಾರ ಹೋಗ್ತಿದ್ದೆ. ಗಡ್ಡ ತೆಗೀತಿದ್ದೆ, ಉಗುರು ಕತ್ತರಿಸ್ತಿದ್ದೆ. ಅಕ್ಕ ಬೀದಿಯವರಿಗೆಲ್ಲ "ಗಯಾಜ್ ಇಲ್ದಿದ್ರೆ ನನ್ನ ಗತಿ ಏನು" ಅನ್ನೋರು. ಅದನ್ನ ಕೇಳ್ಕೊಂಡು ಅವರು ಕೊಟ್ಟ ಕಾಫಿ ಕುಡೀತಿದ್ದೆ. ರುಚಿ ಗೊತ್ತಾಗ್ತಿರಲಿಲ್ಲ. ನನ್ನ ಹೆಂಡತಿ ಉಮ್ಮೆ ಕುಲ್ಸುಂಗೆ ಮಾತ್ರ ನಿಜ ಗೊತ್ತಿತ್ತು. "ಬೋಲ್ ದೇವ್, ಹೇಳ್ಬಿಡಿ" ಅಂತ ಎರಡು ಸಲ ಅಂದಳು. ಮೂರನೇ ಸಲ ಅನ್ನಲಿಲ್ಲ.

ಎರಡು ಸಾವಿರದ ಮೂರರ ಒಂದು ಭಾನುವಾರ ಉಗುರು ಕತ್ತರಿಸ್ತಾ ಇದ್ದೆ. ಅವರ ಎಡಗೈ ಬೆರಳುಗಳು ನನ್ನ ಮೊಣಕಾಲ ಮೇಲೆ ಬಡೀತಿದ್ವು. ನಡುಕ ಅಂದ್ಕೊಂಡೆ. ನಡುಕ ಆಗಿದ್ರೆ ಒಂದೇ ಸಮ ಇರುತ್ತೆ. ಇದು ನಾಲ್ಕೈದು ಬಡಿತ, ಆಮೇಲೆ ಜೋರಾಗಿ ಒಂದು, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಬಡಿತ. ಹದಿನಾಲ್ಕು ವರ್ಷ ಪಕ್ಕದಲ್ಲಿ ಕೂತು ಕೇಳಿದ ಸದ್ದು ಅದು. ಇವರು ನನ್ನ ಮೊಣಕಾಲ ಮೇಲೆ ಹೆಸರು ಹಾಕಿ ಕಂಪ್ಯೂಟರ್ ಒಳಗೆ ಹೋಗ್ತಿದ್ದಾರೆ, ಅದು ತೆರೀಲಿ ಅಂತ ಕಾಯ್ತಿದ್ದಾರೆ.

ಅಟ್ಟದ ಮೇಲಿದ್ದ ಡಬ್ಬ ಇಳಿಸಿದೆ. ಮೂರು ವರ್ಷ ಅದರ ಕಡೆ ತಲೆ ಎತ್ತಿ ನೋಡಿರಲಿಲ್ಲ. ಧೂಳು ಒರೆಸಿ ಕರೆಂಟ್ ಕೊಟ್ಟೆ, ಹಸಿರು ಚುಕ್ಕಿ ಮಿಟುಕಿತು. ಅಷ್ಟೊತ್ತಿಗೆ ಫ್ಯಾಕ್ಟರೀಲಿ ಬೀರು ಗಾತ್ರದ ಕಂಪ್ಯೂಟರ್ ಹೋಗಿ ಸೂಟ್‌ಕೇಸ್ ಗಾತ್ರದ ಹೊಸ ಲಿನಕ್ಸ್ ಸರ್ವರ್ ಬಂದಿತ್ತು, ಅದನ್ನ ನೋಡ್ಕೊಳ್ಳೋ ಕೆಲಸ ನಂದೇ. ಕಲಿಯೋರಿಗೆ ಅಂತ ಅಂಥದ್ದೇ ಇನ್ನೊಂದು ಮೂಲೇಲಿತ್ತು, ಅದರಲ್ಲಿ ಏನು ಮಾಡಿದ್ರೂ ಯಾರಿಗೂ ನಷ್ಟವಿಲ್ಲ. ಸಾಹೇಬರನ್ನ ಕೇಳಿದೆ. "ಸುಬ್ಬಯ್ಯನೋರಿಗಾ? ಕೊಡಪ್ಪ" ಅಂದ್ರು. ಅದಕ್ಕೊಂದು ಫೋನ್ ಲೈನು, ಫೋನಲ್ಲಿ ಕಂಪ್ಯೂಟರುಗಳನ್ನ ಮಾತಾಡಿಸೋ ಮೋಡೆಮ್ ಹಾಕಿದೆ. ಅವರ ಹಳೇ ಹೆಸರು ಬೇಕಲ್ಲ ಅಂತ ಹಳೇ ಕಂಪ್ಯೂಟರಿನ ಹೆಸರುಗಳ ಪಟ್ಟಿಯನ್ನ, ಪಾಸ್‌ವರ್ಡ್ ಸಮೇತ, ಹಾಗ್ಹಾಗೇ ಹೊಸದರೊಳಗೆ ಸುರಿದೆ. ಒಂದೊಂದೇ ಆರಿಸೋಕೆ ಸೋಮಾರಿತನ. ಆ ಪಟ್ಟಿಯಲ್ಲಿ ನಂದೂ ಇತ್ತು. ನನಗೆ ಹೊಳೀಲೇ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವರ ಹಾಲಿನ ಕಿಟಕಿ ಪಕ್ಕ ಡಬ್ಬ ಇಟ್ಟು, ಮನೆ ಫೋನಿನ ತಂತಿ ಜೋಡಿಸಿದೆ. ಆನ್ ಮಾಡಿದ್ರೆ ತಾನಾಗೇ ನಂಬರ್ ತಿರುಗಿಸೋ ಹಾಗೆ ಒಂದು ಫ್ಲಾಪಿ ಮಾಡಿದ್ದೆ. ಮೋಡೆಮ್ ಕಿರುಚಿತು, ಸುಮ್ಮನಾಯ್ತು. ಅತ್ತ ಕೆ.ಆರ್. ಪುರಂನಲ್ಲಿ ಮಿಂಚಿನ ಹಾಗೆ ಓಡೋ ಮೆಷಿನ್ನು, ಇತ್ತ ಹದಿನೇಳು ವರ್ಷದ ಮುದಿ ಡಬ್ಬ. ಅಕ್ಷರಗಳು ಒಂದೊಂದಾಗಿ ನಿಧಾನಕ್ಕೆ ಮೂಡಿ, ಹೆಸರು ಕೇಳ್ತು.

ಅವರು ಮಂಚದಿಂದ ಎದ್ರು. ನಾವ್ಯಾರೂ ಏಳಿಸಲಿಲ್ಲ. ಕೋಲು ಊರಿಕೊಂಡು ಬಂದ್ರು, ಕಿಟಕಿಗೆ ನಾಲ್ಕಡಿ ಇರೋ ಹಾಗೆ ನಿಂತ್ರು. ಮನೇಲಿ ಹಾಕ್ಕೊಳ್ಳೋ ರಬ್ಬರ್ ಚಪ್ಪಲೀನ ಎಡಗಾಲಿಂದ ಬಿಟ್ರು, ಬಲಗಾಲಿಂದು ಕೋಲಿನ ತುದೀಲಿ ತಳ್ಳಿದ್ರು. ಕೂತ್ರು. ಎಡಗೈ ಒಂದರಲ್ಲೇ ಹೆಸರು ಹಾಕಿದ್ರು, ಪಾಸ್‌ವರ್ಡ್ ಹಾಕಿದ್ರು. ಒಂದಕ್ಷರ ತಪ್ಪಲಿಲ್ಲ. ಆಮೇಲೆ ಗುಂಡಿ ಒತ್ತಿ ಕಂಪ್ಯೂಟರನ್ನ ದಿನಾಂಕ ಕೇಳಿದ್ರು, ಅದು ಹೇಳ್ತು. ಯಾರ್ಯಾರಿದ್ದೀರಿ ಅಂತ ಕೇಳಿದ್ರು, ಅವರ ಹೆಸರೊಂದೇ ಬಂತು. ಅದನ್ನೇ ನೋಡ್ತಾ ಕೂತ್ರು.

ಅಕ್ಕ ಸೌಟು ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ರು. "ಬುದ್ಧಿ ಇದೆಯಲ್ಲೋ ಒಳಗೆ" ಅಂದ್ರು. ಸೆರಗಲ್ಲಿ ಕಣ್ಣೊರೆಸಿಕೊಂಡ್ರು. ನನಗೆ ಆನಂದ ಆಗ್ಬೇಕಿತ್ತು. ಆಗಲಿಲ್ಲ. ಎರಡನೇ ಶಿಫ್ಟಿಗೆ ಹೊತ್ತಾಯ್ತು ಅಂತ ಹನ್ನೆರಡಕ್ಕೆ ಹೊರಟೆ. ಆ ಮೂರು ವರ್ಷದಲ್ಲಿ ನಾನು ಒಂದು ದಿನಾನೂ ಲೇಟ್ ಹೋಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ.

ಆಮೇಲೆ ದಿನಾ ಅದೇ. ಬೆಳಿಗ್ಗೆ ಆರೂವರೆಗೆ ಬಂದು ಕೂರೋರು. ಭಾನುವಾರ ಮಾತ್ರ ಡಬ್ಬದ ಕಡೆ ತಿರುಗಿ ನೋಡ್ತಿರಲಿಲ್ಲ, ಭಾನುವಾರ ರಜ. ನಾನು ಹೋಗ್ತಿದ್ದುದು ಭಾನುವಾರಾನೇ. ಹಾಗಾಗಿ ಅವರು ಏನು ಮಾಡ್ತಾರೆ ಅನ್ನೋದು ಅಕ್ಕನ ಬಾಯಲ್ಲಿ ಕೇಳಿದ್ದಷ್ಟೇ.

ಎರಡು ಮೂರು ತಿಂಗಳಾದ ಮೇಲೆ ಅಕ್ಕನ ಮುಖ ಬಾಡೋಕೆ ಶುರುವಾಯ್ತು. "ಮಧ್ಯಾಹ್ನ ಊಟ ಮಾಡ್ತಿಲ್ಲ ಕಣೋ. ಅಲ್ಲೇ ತುತ್ತು ಮಾಡಿ ತಂದ್ರೆ ತುಟಿ ಬಿಗಿ ಹಿಡೀತಾರೆ. ಸಂಜೆ ಆರು ಹೊಡೆದ್ರೇನೇ ಏಳೋದು."

"ಕಂಪ್ಯೂಟರ್ ಮುಂದೆ ತಿನ್ನಬಾರದು ಅಂತ ನಿಯಮ ಅಕ್ಕ. ಎರಡೂವರೆಗೆ ಎದ್ದ ಮೇಲೆ ಕೊಡಿ."

"ಎರಡೂವರೆಗೆ ಏಳಲ್ವಲ್ಲೋ. ಅವತ್ತಿನ ಹಾಗೇನೇ ಕೂತಿರ್ತಾರೆ. ಸಕ್ಕರೆ ಇಳಿದು ಎರಡು ಸಲ ತಲೆ ಸುತ್ತಿ ಬಿದ್ರು. ಇನ್ನೂ ನನ್ನ ಮೇಲಿನ ಕೋಪ ಹೋಗಿಲ್ಲ ಇವರಿಗೆ. ನನ್ನ ಕೈ ಅನ್ನ ಬೇಡ."

ನನಗೆ ಏನೋ ಅನುಮಾನ. ಅದನ್ನ ಪೂರ್ತಿ ಯೋಚಿಸೋಕೆ ಹೋಗಲಿಲ್ಲ. ಡಬ್ಬ ತೆಗೆದುಬಿಡೋಣ್ವಾ ಅಂದೆ. ತೆಗೆದ್ರೆ ಮತ್ತೆ ಗೋಡೆ ನೋಡ್ತಾ ಮಲಗ್ತಾರೆ, ಬೇಡ ಅಂದ್ರು. "ನೀನೇ ಒಂದು ದಿನ ಮಧ್ಯಾಹ್ನ ಬಂದು ನೋಡು" ಅಂದ್ರು. ಹೂಂ ಅಂದೆ. ಬರ್ತೀನಿ ಬರ್ತೀನಿ ಅಂತ ಒಂದು ವರ್ಷ ತಳ್ಳಿದೆ. ಅಷ್ಟರಲ್ಲಿ ಸುಬ್ಬಯ್ಯನೋರು ಇಷ್ಟೇ ಇಷ್ಟಾಗಿದ್ರು, ಕಾಲರ್ ಒಳಗೆ ಕತ್ತು ಅಲ್ಲಾಡ್ತಿತ್ತು. ಹೀಗೇ ಆದ್ರೆ ಜಾಸ್ತಿ ದಿನ ಇರಲ್ಲ ಅಂತ ಡಾಕ್ಟ್ರು ಹೇಳಿದ್ದನ್ನ ಅಕ್ಕ ಫೋನಲ್ಲಿ ಹೇಳಿದ್ರು. ಎರಡು ಸಾವಿರದ ನಾಲ್ಕು, ಡಿಸೆಂಬರ್ ತಿಂಗಳ ಒಂದು ಗುರುವಾರ ರಜ ಹಾಕಿ ಹೋದೆ.

ಎರಡು ಗಂಟೆ ಹೊತ್ತಿಗೆ ಅವರ ಹಿಂದೆ ಸ್ಟೂಲ್ ಹಾಕ್ಕೊಂಡು ಕೂತೆ. ಅಕ್ಕ ಪಕ್ಕದಲ್ಲಿ ನಿಂತಿದ್ರು. ಎರಡೂ ಇಪ್ಪತ್ತಕ್ಕೆ ಅವರು ಯಾರ್ಯಾರಿದ್ದೀರಿ ಅಂತ ಕೇಳಿದ್ರು. ಒಬ್ಬರೇ. ಎರಡೂ ಇಪ್ಪತ್ತೈದಕ್ಕೆ ಮತ್ತೆ ಕೇಳಿದ್ರು. ಒಬ್ಬರೇ. ಬಾಗಿಲ ಕಡೆ ಒಂದ್ಸಲ ತಿರುಗಿ ನೋಡಿದ್ರು. ಹಿಂದೆಯೇ ಇದ್ದ ನನ್ನ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಸರಿಯಾಗಿ ಎರಡೂವರೆಗೆ ತಮ್ಮ ಹೆಸರು ಬಿಟ್ಟು ಹೊರಬಂದ್ರು. ಪರದೆ ಹೊಸ ಹೆಸರು ಕೇಳ್ತು. ಎಡಗೈ ಬೆರಳು ನಿಧಾನಕ್ಕೆ ಒಂದೊಂದೇ ಗುಂಡಿ ಒತ್ತಿ ನನ್ನ ಹೆಸರು ಹಾಕ್ತು. ಆಮೇಲೆ ಪಾಸ್‌ವರ್ಡ್. ಅದು ಪರದೆ ಮೇಲೆ ಕಾಣಲ್ಲ, ಆದ್ರೆ ಬಡಿತ ಎಣಿಸಬಹುದು. ಐದು. ಇಂಗ್ಲಿಷ್ ಅಕ್ಷರದಲ್ಲಿ ನನ್ನ ಮಗಳ ಹೆಸರು.

ಹಳೇ ಡಬ್ಬದ ಮೇಲೆ ಹಸಿರು ಅಕ್ಷರ ಒಂದೊಂದಾಗಿ ಬಂತು. ಗಯಾಜ್ ಒಳಗಿದ್ದಾನೆ. ಅವರು ಕೈಯನ್ನ ತೊಡೆ ಮೇಲಿಟ್ಕೊಂಡು, ಬಾಗಿಲು ನೋಡ್ತಾ ಕಾಯೋಕೆ ಕೂತ್ರು.

"ದಿನಾ ಇದೇ" ಅಂದ್ರು ಅಕ್ಕ. ಒಂದು ಹಳೇ ಆಫೀಸ್ ಡೈರಿ ತಂದು ತೆರೆದ್ರು. ಹದಿನಾಲ್ಕು ತಿಂಗಳಿಂದ ಗಂಡ ಒತ್ತಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟಿದ್ರು, ಕ್ಲೇಮ್ ಸೆಕ್ಷನ್ನಿನವರ ಕೈ. ಪ್ರತಿ ದಿನದ ಕೊನೇ ಸಾಲು ಒಂದೇ. ಎರಡೂವರೆ, ಗಯಾಜ್. ಆರು ಗಂಟೆ, ಎದ್ದರು. "ಮೊದಮೊದಲು ನಿನ್ನ ಮೇಲಿನ ಅಕ್ಕರೆಗೆ ನಿನ್ನ ಹೆಸರು ಬರೀತಾರೆ ಅಂದ್ಕೊಂಡೆ. ಆಮೇಲೆ ಯೋಚಿಸ್ದೆ. ಅಕ್ಕರೆ ಆಗಿದ್ರೆ ಯಾವಾಗ ಬೇಕಾದ್ರೂ ಬರೀಬಹುದಿತ್ತು. ಎರಡೂವರೆಗೇ ಯಾಕೆ? ಅದೂ ಬಾಗಿಲು ನೋಡ್ಕೊಂಡು?"

ಡೈರೀನ ನನ್ನ ಕಡೆ ತಿರುಗಿಸಿದ್ರು.

"ಗಯಾಜ್, ಅವತ್ತು ನೀನು ಎಷ್ಟು ಗಂಟೆಗೆ ಬಂದೆ?"

ನಾಲ್ಕು ವರ್ಷ ನಾಲ್ಕು ತಿಂಗಳು ಯಾರೂ ಕೇಳಿರದ ಪ್ರಶ್ನೆ. ಕೇಳಿದ್ರೆ ಹೇಗೆ ಅಳ್ತೀನಿ, ಹೇಗೆ ಕಾಲು ಹಿಡೀತೀನಿ ಅಂತೆಲ್ಲ ಎಷ್ಟೋ ಸಲ ಅಂದ್ಕೊಂಡಿದ್ದೆ. ಏನೂ ಆಗಲಿಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದೆ.

"ಐದೂ ನಲವತ್ತಕ್ಕೆ."

"ಎಲ್ಲಿದ್ದೆ?"

"ಗುಜರೀಲಿ. ಈ ಡಬ್ಬ ತರೋಕೆ ಹೋಗಿದ್ದೆ."

ಅಕ್ಕ ಡಬ್ಬ ನೋಡಿದ್ರು. ಡೈರಿ ಮುಚ್ಚಿದ್ರು. ಗಂಡನ ಪಕ್ಕ ನೆಲದ ಮೇಲೆ ಕೂತ್ರು, ಅವರ ಸತ್ತ ಬಲಗೈಯನ್ನ ತಮ್ಮ ಮಡಿಲಿಗೆ ಎಳ್ಕೊಂಡ್ರು. ನನಗಲ್ಲ, ಆ ಕೈಗೆ ಹೇಳಿದ ಹಾಗೆ ಹೇಳಿದ್ರು.

"ಹಾಗಾದ್ರೆ ನನ್ನ ಮಾತಿಗಲ್ಲ."

ಆ ಕೈ ಸವರ್ತಾ, "ಬರ್ಬೇಕು ಅಂತಾನೇ ಇದ್ರು ಮನೆಗೆ" ಅಂದ್ರು.

ನಾನು ಎದ್ದೆ. ತಪ್ಪಾಯ್ತು ಅಂದೆ. ಅದು ಎಂಥಾ ಮಾತು, ನನಗೇ ಅಸಹ್ಯ ಆಯ್ತು. ಫ್ಯಾಕ್ಟರಿಗೆ ಬರೆದು ಕೊಡ್ತೀನಿ, ವಿಚಾರಣೆ ಮತ್ತೆ ತೆಗೆಸ್ತೀನಿ ಅಂದೆ. ಆಮೇಲೆ ಬರೆದೂ ಕೊಟ್ಟೆ, ಅದು ಯಾವ ಬೀರುವಿನಲ್ಲಿ ಮಲಗಿದೆಯೋ ಇವತ್ತಿಗೂ ಗೊತ್ತಿಲ್ಲ. ಅಕ್ಕ ತಲೆ ಎತ್ತಿದ್ರು. ಬೈತಾರೆ, ಆಚೆ ಹೋಗು ಅಂತಾರೆ ಅಂತ ಕಾಯ್ತಾ ನಿಂತೆ. ಬೈದಿದ್ರೆ ಬದುಕ್ಕೊಳ್ತಿದ್ದೆ.

"ನಾಳೆಯಿಂದ ಎರಡೂವರೆಗೆ ಬನ್ನಿ" ಅಂದ್ರು.

ಬನ್ನಿ ಅಂದ್ರು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮಾರನೇ ದಿನ ಶುಕ್ರವಾರ, ಇನ್ನೊಂದು ರಜ ಹಾಕಿದೆ. ಜುಮ್ಮಾ ನಮಾಜನ್ನ ಅವರ ಮನೆ ಹತ್ತಿರದ ಮಸೀದೀಲೇ ಮುಗಿಸ್ಕೊಂಡು ಎರಡೂ ಕಾಲಿಗೆ ಹೋದೆ. ಅವರ ರಬ್ಬರ್ ಚಪ್ಪಲಿ ಕಿಟಕಿಗೆ ನಾಲ್ಕಡಿ ದೂರದಲ್ಲಿ ಬಿದ್ದಿತ್ತು. ಅದರ ಪಕ್ಕ ನನ್ನದನ್ನ ಬಿಟ್ಟೆ. ಎರಡೂವರೆಗೆ ಅವರು ತಮ್ಮ ಹೆಸರು ಬಿಟ್ಟು ಹೊರಬಂದು, ನನ್ನ ಹೆಸರಿನ ಮೊದಲಕ್ಷರ ಒತ್ತಿದ್ರು. ನಾನು ಅವರ ಕೈ ಮೇಲೆ ಕೈ ಇಟ್ಟೆ.

"ಸಾರ್, ಗಯಾಜ್ ಬಂದಿದ್ದೀನಿ. ನಾನೇ ಹಾಕ್ತೀನಿ."

ಹಾಕಿದೆ. ಐದು ಬಡಿತ. ಹಸಿರು ಅಕ್ಷರ ಬರೋವರೆಗೂ ಅವರು ಪರದೆ ನೋಡ್ತಿದ್ರು. ಬಂತು. ಹೊತ್ತು ನೋಡಿದ್ರು, ಎರಡೂವರೆ. ನನ್ನ ಮುಖ ನೋಡಿದ್ರು. ಗುರುತು ಹಿಡಿದ್ರು ಅಂತ ನಾನು ಹೇಳಲ್ಲ, ಹಾಗೆ ಹೇಳಿದ್ರೆ ನನಗೆ ಸುಲಭವಾಗುತ್ತೆ. ಕೋಲು ತಗೊಂಡು ಎದ್ರು. ಚಪ್ಪಲಿ ಮೆಟ್ಟಿದ್ರು. ಕಾಲೆಳೀತಾ ಅಡುಗೆಮನೆ ಕಡೆ ಹೋಗಿ, ತಟ್ಟೆ ಮುಂದೆ ಕೂತು ಬಾಯಿ ತೆರೆದ್ರು.

ಅಕ್ಕ ಹುಳಿ ಅನ್ನ ಕಲಸಿ ಒಂದು ತುತ್ತಿಟ್ರು. ಇನ್ನೊಂದಿಟ್ರು. ನಾನು ಏಳೋಕೆ ಹೋದೆ.

"ಏಳ್ಬೇಡಿ" ಅಂದ್ರು ಅಕ್ಕ, ತಿರುಗಿ ನೋಡದೆ. "ಐದೂ ನಲವತ್ತರವರೆಗೂ ಅಲ್ಲೇ ಕೂತಿರಿ."

ಕೂತೆ. ಯಾರ್ಯಾರಿದ್ದೀರಿ ಅಂತ ಕೇಳಿದೆ, ನನ್ನ ಹೆಸರೊಂದೇ ಬಂತು. ಗಂಟಲು ಒಣಗಿತು, ನೀರು ಕೇಳಲಿಲ್ಲ. ಮೂರು ಗಂಟೆ ಹತ್ತು ನಿಮಿಷ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು. ಸುಬ್ಬಯ್ಯನೋರು ಅಷ್ಟೂ ಹೊತ್ತನ್ನ ಅರ್ಧ ಮೈಯಲ್ಲಿ ಕಾದಿದ್ರು.

ಆ ವಾರಾನೇ ನಾನು ರಾತ್ರಿ ಶಿಫ್ಟಿಗೆ ಬದಲಾಯಿಸ್ಕೊಂಡೆ. ಎರಡು ಸಾವಿರದ ಎಂಟರ ಜುಲೈನಲ್ಲಿ ಅವರು ತೀರಿಕೊಳ್ಳೋವರೆಗೂ, ಮೂರು ವರ್ಷ ಏಳು ತಿಂಗಳು, ಭಾನುವಾರ ಬಿಟ್ಟು ದಿನಾ ಎರಡೂವರೆಗೆ ಹೋಗಿ ಹೆಸರು ಹಾಕಿ ಐದೂ ನಲವತ್ತಕ್ಕೆ ಎದ್ದೆ. ಅವರು ದಿನಾ ಹೊತ್ತಿಗೆ ಸರಿಯಾಗಿ ಉಂಡ್ರು. ಅಕ್ಕ ದಿನಾ ಡೈರೀಲಿ ಬರೆದ್ರು. ನನ್ನನ್ನ ಮತ್ತೆ ನೀನು ಅನ್ನಲಿಲ್ಲ.